ವಕಟ್, ಲೇಂಡ್, ಮೂಂಡ್: ಆಡಿದವರು ಹೇಳಿದ್ದು



ನನಗಾಗ ಎಂಟು ವರ್ಷ. ಬೇಸಿಗೆ ರಜೆಗೆ ನನ್ನನ್ನು ನಿಲಂಗಾ ಕಡೆಯ ಹಳ್ಳಿಯೊಂದಕ್ಕೆ, ಸೋದರತ್ತೆಯ ಮನೆಗೆ ಕಳಿಸಿದ್ದರು. ನನಗೆ ಮರಾಠಿ ಬರುತ್ತಿರಲಿಲ್ಲ. ಓಣಿಯ ಹುಡುಗರಿಗೆ ಕನ್ನಡ ಬರುತ್ತಿರಲಿಲ್ಲ. ಎರಡು ದಿನ ಬೇವಿನ ಕಟ್ಟೆಯ ಮೇಲೆ ಕುಳಿತು ಅವರ ಆಟ ನೋಡಿದೆ. ಆಡುತ್ತಿದ್ದದ್ದು ನಮ್ಮ ಚಿಣ್ಣಿ-ದಾಂಡೇ. ಅವರ ಬಾಯಲ್ಲಿ ಅದು ವಿಟಿ-ದಾಂಡು. ಮೂರನೇ ದಿನ ಒಬ್ಬ ಹುಡುಗ ಚಿಣ್ಣಿಯನ್ನು ದೂರ ಹೊಡೆದು, ದಾಂಡಿನಿಂದ ನೆಲ ಅಳೆಯುತ್ತ ಗಟ್ಟಿಯಾಗಿ ಎಣಿಸತೊಡಗಿದ: ವಕಟ್, ಲೇಂಡ್, ಮೂಂಡ್, ನಾಲ್, ಐದ್, ಆರ್, ಝಕ್ಕು.

ನಾನು ಕಟ್ಟೆಯಿಂದ ಧುಮುಕಿದೆ. "ಏ, ಇದು ನಮ್ಮ ಎಣಿಕಿ ಅದ!" ಎಂದು ಕೂಗಿದೆ. ಯಾರಿಗೂ ಅರ್ಥವಾಗಲಿಲ್ಲ. ಆದರೆ ನಾನೂ ಅವನ ಜೊತೆ ನಾಲ್, ಐದ್, ಆರ್ ಎಂದು ಎಣಿಸಿದ್ದು ಕೇಳಿ, ಈ ಹುಡುಗನಿಗೆ ಆಟ ಗೊತ್ತಿದೆ ಎಂದು ಅವರಿಗೆ ತಿಳಿಯಿತು. ಅಂದಿನಿಂದ ರಜೆ ಮುಗಿಯುವ ತನಕ ನಾನು ಕಟ್ಟೆಯ ಮೇಲೆ ಕೂಡಲಿಲ್ಲ.

ಮಕ್ಕಳೇ, ನೀವು ಲಾತೂರು, ಉಮರ್ಗಾ ಕಡೆಯ ನೆಂಟರ ಮನೆಗೆ ಹೋದಾಗ ಅಲ್ಲಿಯ ಅಜ್ಜಂದಿರನ್ನು ಕೇಳಿ ನೋಡಿ. ಮರಾಠಿಯಲ್ಲಿ ಒಂದು ಅಂದರೆ ಏಕ್, ಎರಡು ಅಂದರೆ ದೋನ್. ವಿಟಿ-ದಾಂಡಿನಲ್ಲಿ ಮಾತ್ರ ಏಕ್ ಇಲ್ಲ, ವಕಟ್ ಇದೆ. ಅದು ತೆಲುಗಿನ ಒಕಟಿ. ಲೇಂಡ್ ಎಂಬುದು ರೆಂಡು. ಮೂಂಡ್ ಎಂಬುದು ಮೂಡು. ನಾಲ್, ಐದ್, ಆರ್ ನಿಮಗೇ ಗೊತ್ತು, ತೆಲುಗಿನವರು ತಮ್ಮದೆನ್ನಬಹುದು, ನಾವು ನಮ್ಮದೆನ್ನಬಹುದು. ಒಂದೊಂದು ಎಣಿಕೆಗೂ ಚಿಣ್ಣಿ ಹೊಡೆಯುವ ಭಂಗಿಯೇ ಬೇರೆ: ಒಮ್ಮೆ ಪಾದದ ಮೇಲಿಟ್ಟು, ಒಮ್ಮೆ ಮುಷ್ಟಿಯ ಮೇಲಿಟ್ಟು, ಒಮ್ಮೆ ಮುಖ ಮೇಲೆತ್ತಿ ಕಣ್ಣಿನ ಮೇಲಿಟ್ಟು. ಮರಾಠಿ ಮಾತಾಡುವ ಮಕ್ಕಳು ಎಷ್ಟು ತಲೆಮಾರುಗಳಿಂದ ತಮಗೆ ಗೊತ್ತಿಲ್ಲದೆ ದ್ರಾವಿಡ ಅಂಕಿಗಳಲ್ಲಿ ನೆಲ ಅಳೆಯುತ್ತಿದ್ದಾರೆ! 1956ರ ನವೆಂಬರ್ 1ರಂದು ನಮ್ಮ ಬೀದರ ಜಿಲ್ಲೆ ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. ಜಹೀರಾಬಾದ್, ನಾರಾಯಣಖೇಡದ ಕಡೆ ಆಂಧ್ರಕ್ಕೆ ಹೋಯಿತು. ಉಳಿದ ನಾವು ಮೈಸೂರಿಗೆ ಬಂದೆವು. ಕಚೇರಿಯ ಕಾಗದಪತ್ರ ಬೇರೆಯಾದವು, ಶಾಲೆಯ ಭಾಷೆ ಬೇರೆಯಾಯಿತು. ಚಿಣ್ಣಿಯ ಎಣಿಕೆಯನ್ನು ಮಾತ್ರ ಯಾರೂ ಹಂಚಲಿಲ್ಲ, ಏಕೆಂದರೆ ಅದು ಯಾವ ಕಾಗದದಲ್ಲೂ ಬರೆದಿರಲಿಲ್ಲ.

ನಾನು ಇವತ್ತು ಮಾತಾಡಬೇಕೆಂದುಕೊಂಡಿರುವುದು ಇದನ್ನೇ. ಕಾಗದದಲ್ಲಿಲ್ಲದ ಆಟದ ಚರಿತ್ರೆ ಎಲ್ಲಿರುತ್ತದೆ? ಆಡಿದವರ ಬಾಯಲ್ಲಿ ಇರುತ್ತದೆ. ಮೂವತ್ತು ವರ್ಷ ದೈಹಿಕ ಶಿಕ್ಷಕನಾಗಿ ಸೀಟಿ ಊದಿದವನು ನಾನು. ನಿವೃತ್ತನಾದ ಮೇಲೆ ಮಾಡುತ್ತಿರುವ ಕೆಲಸ ಒಂದೇ, ಆ ಬಾಯಿಗಳ ಮುಂದೆ ಕುಳಿತು ಕೇಳುವುದು.

ಈ ಕೆಲಸ ನನಗೆ ಕಲಿಸಿದ್ದು ಒಂದು ಬೇಸ್‌ಬಾಲ್ ಪುಸ್ತಕ. ಹೈದರಾಬಾದಿನ ಆಬಿಡ್ಸ್‌ನಲ್ಲಿ ಭಾನುವಾರ ಫುಟ್‌ಪಾತಿನ ಮೇಲೆ ಹಳೆಯ ಪುಸ್ತಕ ಹರಡಿ ಮಾರುತ್ತಾರೆ. ತರಬೇತಿಗೆಂದು ಹೋಗಿದ್ದಾಗ ಅಲ್ಲಿ ಒಂದು ಇಂಗ್ಲಿಷ್ ಪುಸ್ತಕದ ರಟ್ಟಿನ ಮೇಲೆ ದೊಗಳೆ ಅಂಗಿ ತೊಟ್ಟ ಆಟಗಾರರನ್ನು ನೋಡಿ ಕೊಂಡುಕೊಂಡೆ. ಬೇಸ್‌ಬಾಲ್ ಎಂದರೆ ಏನೆಂದು ನನಗೆ ಅಷ್ಟಾಗಿ ಗೊತ್ತಿರಲಿಲ್ಲ. ಒಬ್ಬ ಚೆಂಡು ಎಸೆಯುತ್ತಾನೆ, ಇನ್ನೊಬ್ಬ ದುಂಡನೆಯ ದಾಂಡಿನಿಂದ ಹೊಡೆದು ನಾಲ್ಕು ಮೂಲೆಗಳ ಸುತ್ತ ಓಡುತ್ತಾನೆ, ಹೊರಟ ಜಾಗಕ್ಕೆ ಸುರಕ್ಷಿತವಾಗಿ ಮರಳಿದರೆ ಒಂದು ಓಟ, ಇಷ್ಟು ಗೊತ್ತಿದ್ದರೆ ನಿಮಗೂ ಸಾಕು.

ಪುಸ್ತಕ ಮಾಡಿದವರು ಲಾರೆನ್ಸ್ ರಿಟ್ಟರ್. ನ್ಯೂಯಾರ್ಕಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ ಪ್ರಾಧ್ಯಾಪಕರು. 1961ರಲ್ಲಿ ಟೈ ಕಾಬ್ ಎಂಬ ದೊಡ್ಡ ಆಟಗಾರ ತೀರಿಕೊಂಡ ಸುದ್ದಿ ಓದಿದಾಗ ಅವರಿಗೆ ಒಂದು ದಿಗಿಲು ಹುಟ್ಟಿತು: 1900ರ ಆಸುಪಾಸಿನಲ್ಲಿ ಆಡಿದವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ, ಅವರನ್ನು ಯಾರೂ ಕೇಳಿಲ್ಲ. ಭಾರದ ಟೇಪ್ ರೆಕಾರ್ಡರನ್ನು ಕಾರಿನಲ್ಲಿ ಹಾಕಿಕೊಂಡು ಹೊರಟರು. ಐದು ವರ್ಷ, 75,000 ಮೈಲಿ. ಮೀನು ಹಿಡಿಯುತ್ತ, ಹೊಲ ನೋಡಿಕೊಳ್ಳುತ್ತ, ಯಾರಿಗೂ ಬೇಡವಾಗಿ ಕುಳಿತಿದ್ದ ಮುದುಕರನ್ನು ಹುಡುಕಿ ಮಾತಾಡಿಸಿದರು. 1966ರಲ್ಲಿ ಬಂದ ಮೊದಲ ಮುದ್ರಣದಲ್ಲಿ 22 ಜನರ ಮಾತು ಇದೆ. ಪುಸ್ತಕದಿಂದ ಬಂದ ಗೌರವಧನವನ್ನೂ ಅವರು ಆ ಮುದುಕರೊಡನೆ ಹಂಚಿಕೊಂಡರು.

ಅದರಲ್ಲಿ ಒಂದು ಪ್ರಸಂಗ ನನ್ನ ಮನಸ್ಸಿನಲ್ಲಿ ಕುಳಿತುಬಿಟ್ಟಿದೆ. ಸ್ಯಾಮ್ ಕ್ರಾಫರ್ಡ್ ಎಂಬ ಹೊಡೆತಗಾರನನ್ನು ಹುಡುಕಬೇಕಿತ್ತು. ಲಾಸ್ ಏಂಜಲೀಸಿನಿಂದ ಉತ್ತರಕ್ಕೆ ಇನ್ನೂರು ಮೈಲಿಯ ಆಸುಪಾಸು ಇರಬಹುದು ಎಂಬುದಷ್ಟೇ ಸುಳಿವು. ಊರೂರು ತಿರುಗಿ ಬೇಸತ್ತ ರಿಟ್ಟರ್, ಬಟ್ಟೆಯಾದರೂ ಒಗೆದುಕೊಳ್ಳೋಣವೆಂದು ಒಂದು ಲಾಂಡ್ರಿಗೆ ಹೋಗಿ ಕುಳಿತರು. ಪಕ್ಕದಲ್ಲಿ ಒಬ್ಬ ಮುದುಕ ತನ್ನ ಬಟ್ಟೆ ತಿರುಗುವುದನ್ನು ನೋಡುತ್ತ ಕುಳಿತಿದ್ದ. ಸುಮ್ಮನೆ ಇರಲಾರದೆ, ಸ್ಯಾಮ್ ಕ್ರಾಫರ್ಡ್ ಬಗ್ಗೆ ನಿಮಗೇನಾದರೂ ಗೊತ್ತೇ ಎಂದು ಕೇಳಿದರು. ಗೊತ್ತಿಲ್ಲದೆ ಏನು, ನಾನೇ ಅವನು ಎಂದ ಮುದುಕ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಊರ ಬಸ್ ನಿಲ್ದಾಣದ ಕಲ್ಲಿನ ಮೇಲೆ ಬೆಳಗ್ಗೆ ಹೊತ್ತು ಬಿಸಿಲು ಕಾಯಿಸುತ್ತ ಕೂಡುವವರು ನೆನಪಾದರು. ಅವರಲ್ಲಿ ಒಬ್ಬರ ಕಿವಿ ಹೂಕೋಸಿನಂತೆ ಮುದುಡಿ ಗಟ್ಟಿಯಾಗಿತ್ತು. ಅದು ಕುಸ್ತಿಯ ಗುರುತು. ದಿನಾ ಅವರ ಮುಂದೆಯೇ ಬಸ್ಸು ಹತ್ತುತ್ತಿದ್ದೆ. ಒಂದು ದಿನವೂ ಕೇಳಿರಲಿಲ್ಲ.

ಕುಸ್ತಿಗೆ ಬರುವ ಮೊದಲು ಬೇಸ್‌ಬಾಲಿನ ಇನ್ನೊಂದು ಮಾತು ಹೇಳಬೇಕು, ಅದು ನಮ್ಮ ಕಲ್ಯಾಣಕ್ಕೆ ಸಂಬಂಧಪಟ್ಟಿದೆ. ಅಮೆರಿಕದವರಿಗೆ ತಮ್ಮ ಆಟ ತಮ್ಮ ನೆಲದಲ್ಲೇ ಹುಟ್ಟಿದ್ದೆಂದು ತೋರಿಸಬೇಕಿತ್ತು. ಅದಕ್ಕಾಗಿ ಒಂದು ಸಮಿತಿ ಕೂತಿತು. 1839ರಲ್ಲಿ ಕೂಪರ್ಸ್‌ಟೌನ್ ಎಂಬ ಹಳ್ಳಿಯಲ್ಲಿ ಆಬ್ನರ್ ಡಬಲ್‌ಡೇ ಎಂಬಾತ ಈ ಆಟ ಕಟ್ಟಿದ ಎಂದು ಒಬ್ಬ ವೃದ್ಧ ಎಂಜಿನಿಯರ್ ನೆನಪಿನಿಂದ ಪತ್ರ ಬರೆದ. ಸಮಿತಿ 1907ರಲ್ಲಿ ಅದನ್ನೇ ಒಪ್ಪಿತು. ಆ ವರ್ಷ ಡಬಲ್‌ಡೇ ಆ ಹಳ್ಳಿಯಲ್ಲಿ ಇರಲೇ ಇಲ್ಲ, ವೆಸ್ಟ್ ಪಾಯಿಂಟಿನ ಸೈನಿಕ ಶಾಲೆಯಲ್ಲಿ ಓದುತ್ತಿದ್ದ. 1744ರಲ್ಲಿಯೇ ಲಂಡನ್ನಿನಲ್ಲಿ ಅಚ್ಚಾದ ಮಕ್ಕಳ ಪುಸ್ತಕವೊಂದರಲ್ಲಿ ಬೇಸ್‌ಬಾಲ್ ಎಂಬ ಹೆಸರೂ ಚಿತ್ರವೂ ಇವೆ. ಆದರೂ 1939ರಲ್ಲಿ ಕೂಪರ್ಸ್‌ಟೌನಿನಲ್ಲಿ ಆ ಆಟದ ದೊಡ್ಡ ಸ್ಮಾರಕ ಭವನ ತೆರೆದರು, ಇಂದಿಗೂ ಜನ ಅಲ್ಲಿಗೆ ಯಾತ್ರೆಯಂತೆ ಹೋಗುತ್ತಾರೆ. ನಾನು ಅವರನ್ನು ದೂರುವುದಿಲ್ಲ. ಆಟವನ್ನು ಪ್ರೀತಿಸುವವರಿಗೆ ಅದರ ತೊಟ್ಟಿಲು ಎಲ್ಲಿತ್ತು ಎಂದು ನೋಡುವ ಆಸೆ ಇರುತ್ತದೆ.

ಚಿಣ್ಣಿ-ದಾಂಡು ಇಂಗ್ಲೆಂಡಿನಲ್ಲೂ ಇತ್ತು. ಅಲ್ಲಿ ಚಿಣ್ಣಿಗೆ ಬೆಕ್ಕು ಎಂದು ಹೆಸರು, ಆಟಕ್ಕೆ ಟಿಪ್-ಕ್ಯಾಟ್ ಎನ್ನುತ್ತಿದ್ದರು. ಜಾನ್ ಬನ್ಯನ್ ಎಂಬ ಧರ್ಮಬೋಧಕ 1666ರಲ್ಲಿ ಬರೆದ ಆತ್ಮಕಥೆಯಲ್ಲಿ, ತಾನು ಒಂದು ಭಾನುವಾರ ಆ ಆಟದ ನಡುವೆ, ಒಂದು ಹೊಡೆತ ಹೊಡೆದು ಎರಡನೆಯದಕ್ಕೆ ಕೈ ಎತ್ತಿದಾಗ ಆಕಾಶದಿಂದ ಬಂದಂತೆ ಒಂದು ದನಿ ಕೇಳಿತೆಂದು ಹೇಳಿಕೊಂಡಿದ್ದಾನೆ. ಬೇಸ್‌ಬಾಲು ಚಿಣ್ಣಿ-ದಾಂಡಿನ ಮಗನೆಂದು ನಾನು ಹೇಳಲಾರೆ. ದಾಂಡಿನಿಂದ ಏನನ್ನಾದರೂ ದೂರ ಹೊಡೆಯಬೇಕೆಂಬ ಆಸೆ ಮಾತ್ರ ಎಲ್ಲ ಊರಿನ ಮಕ್ಕಳ ಕೈಯಲ್ಲೂ ಒಂದೇ.

ನಮ್ಮದು ನೋಡಿ. ಆಟಗಳನ್ನು ಕೂತು ಶಾಸ್ತ್ರವಾಗಿ ಬರೆದಿಟ್ಟ ಹಳೆಯ ಗ್ರಂಥಗಳಲ್ಲಿ ಬಹಳ ದೊಡ್ಡದೊಂದು ನಮ್ಮ ಪಕ್ಕದಲ್ಲೇ ಹುಟ್ಟಿತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1126ರಿಂದ 1138ರವರೆಗೆ ಆಳಿದ. ಅವನ 'ಮಾನಸೋಲ್ಲಾಸ' ಸಂಸ್ಕೃತದಲ್ಲಿದೆ, ಐದು ಭಾಗ, ಭಾಗಕ್ಕೆ ಇಪ್ಪತ್ತರಂತೆ ನೂರು ಅಧ್ಯಾಯ. ನಾಲ್ಕನೆಯ ಭಾಗ ವಿನೋದಗಳಿಗೆ, ಐದನೆಯದು ಕ್ರೀಡೆಗಳಿಗೆ ಮೀಸಲು. ಕುದುರೆಯ ಮೇಲೆ ಕುಳಿತು ಬೆತ್ತದ ಕೋಲಿನಿಂದ ಚೆಂಡು ಹೊಡೆಯುವ ಆಟ ಈ ಗ್ರಂಥದಲ್ಲಿದೆ. ಮಲ್ಲವಿನೋದ ಎಂಬ ಅಧ್ಯಾಯದಲ್ಲಿ ಜಟ್ಟಿಗಳನ್ನು ವಯಸ್ಸು, ಮೈಕಟ್ಟು, ಬಲ ನೋಡಿ ವರ್ಗ ಮಾಡಿದ್ದಾರೆ; ಅವರ ಊಟ, ಅವರ ಅಭ್ಯಾಸ ಎಲ್ಲ ಹೇಳಿದ್ದಾರೆ. ಮರಳು ತುಂಬಿದ ಚೀಲ ಹೊರುವುದು ಭಾರಶ್ರಮ. ಬೆಳಗ್ಗೆ ದೂರ ನಡೆಯುವುದು ಭ್ರಮಣಶ್ರಮ. ನೀರಿನಲ್ಲಿ ಈಜುವುದು ಸಲಿಲಶ್ರಮ. ಕಂಬ ಹಿಡಿದು ಮಾಡುವುದು ಸ್ತಂಭಶ್ರಮ, ಇಂದಿನ ಮಲ್ಲಕಂಬದ ಹಳೆಯ ಉಲ್ಲೇಖವೆಂದು ಎಲ್ಲರೂ ತೋರಿಸುವುದು ಇದನ್ನೇ. ಈ ಗ್ರಂಥ 1925ರಿಂದ ಬರೋಡಾದಲ್ಲಿ ಸಂಪುಟ ಸಂಪುಟವಾಗಿ ಅಚ್ಚಾಯಿತು. ಬಸವಕಲ್ಯಾಣದ ಕೋಟೆ ನೋಡಲು ಬರುವವರಿಗೆ ಇದನ್ನು ಹೇಳುವ ಒಂದು ಕಲ್ಲಿನ ಫಲಕವಾದರೂ ಬೇಕೆಂದು ನನ್ನ ಮನಸ್ಸು ಬಹಳ ವರ್ಷದಿಂದ ಹೇಳುತ್ತಿದೆ.

ಇನ್ನು ಆ ಮುದುಡಿದ ಕಿವಿಯ ಮುತ್ಯಾನ ಮಾತು. ಹೆಸರು ಹೇಳಬೇಡ ಎಂದು ಅವರ ಮನೆಯವರು ಕೇಳಿಕೊಂಡಿದ್ದಾರೆ, ಹೇಳುವುದಿಲ್ಲ. ನಾನು ಮೊದಲ ಸಲ ಹೋಗಿ, "ಮುತ್ಯಾ, ನಿಮ್ಮ ಕುಸ್ತಿ ಬಗ್ಗೆ ಹೇಳ್ರಿ" ಎಂದಾಗ ಅವರು, "ಯಾಕ್ ಮಾಸ್ತರ್ರೇ, ಸರ್ಕಾರದಿಂದ ಏನಾರ ಬಂದದಾ?" ಎಂದು ಕೇಳಿದರು. ಏನೂ ಬಂದಿಲ್ಲ, ನನಗೇ ಕೇಳಬೇಕಾಗಿದೆ ಎಂದೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಮೂರು ತಾಸು ಮಾತಾಡಿದರು.

ಅವರು ತಾಲೀಮಿಗೆ ಇಳಿದದ್ದು ಹನ್ನೊಂದನೇ ವಯಸ್ಸಿಗೆ. ಬೆಳಗಿನ ನಾಲ್ಕಕ್ಕೆ ವಸ್ತಾದರು ಬಾಗಿಲು ಬಡಿಯುತ್ತಿದ್ದರು. ಅಖಾಡದ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ, ಲಿಂಬೆರಸ ಹಾಕಿ ಸಲಿಕೆಯಿಂದ ತಿರುವುವುದೇ ಹೊಸ ಹುಡುಗರ ಮೊದಲ ಆರು ತಿಂಗಳ ಪಾಠ. ಮಣ್ಣು ಹದವಾಯಿತೋ ಇಲ್ಲವೋ ಎಂದು ವಸ್ತಾದರು ಹಿಡಿ ಮಣ್ಣೆತ್ತಿ ಮೂಸಿ ನೋಡುತ್ತಿದ್ದರು. ಹಳ್ಳದಿಂದ ಉಸುಕಿನ ಚೀಲ ಹೆಗಲ ಮೇಲೆ ಹೊತ್ತು ಓಡಿಸುತ್ತಿದ್ದರು ಎಂದು ಮುತ್ಯಾ ಹೇಳಿದಾಗ ನನಗೆ ಮೈ ಜುಮ್ಮೆಂದಿತು. ಆ ವಸ್ತಾದರಿಗೆ ಅಕ್ಷರ ಬರುತ್ತಿರಲಿಲ್ಲ. ಅವರು ಮಾನಸೋಲ್ಲಾಸದ ಹೆಸರು ಕೇಳಿರಲಾರರು. ಆದರೆ ಭಾರಶ್ರಮ ಅವರಿಗೆ ಗೊತ್ತಿತ್ತು.

ಜಾತ್ರೆಯ ಕುಸ್ತಿ ಹೇಗೆ ಆರಂಭವಾಗುತ್ತದೆ ಎಂದು ಇಲ್ಲಿ ಕುಳಿತ ಹಿರಿಯರಿಗೆ ಹೇಳಬೇಕಿಲ್ಲ. ಮೊದಲು ತೆಂಗಿನಕಾಯಿ ಕುಸ್ತಿ, ಆರು ಏಳು ವರ್ಷದ ಹುಡುಗರದ್ದು. ಗೆದ್ದವನಿಗೂ ಕಾಯಿ, ಬಿದ್ದು ಅತ್ತವನಿಗೂ ಕೆಲವೊಮ್ಮೆ ಒಂದು ಕಾಯಿ. ಹೊತ್ತು ಇಳಿದಂತೆ ದೊಡ್ಡವರ ಜೋಡಿ, ರೊಕ್ಕದ ಕುಸ್ತಿ. ಹಲಗಿಯವರು ಜೋಡಿ ನೋಡಿ ಬಡಿತ ಬದಲಿಸುತ್ತಾರೆ. ಪಂಚರು ಕಣದ ನಡುವೆ ರುಮಾಲು ಸುತ್ತಿಕೊಂಡು ನಿಲ್ಲುತ್ತಾರೆ. ಕಟ್ಟಕಡೆಗೆ ಬೆಳ್ಳಿ ಕಡಗದ ಕುಸ್ತಿ. ನಿಕಾಲಿ ಆಗಲೇಬೇಕು, ಬೆನ್ನು ಮಣ್ಣಿಗೆ ಹತ್ತಲೇಬೇಕು. ಇಬ್ಬರೂ ಬರಾಬರ್ ಎಂದು ಬಿಡಿಸಿದರೆ ಜನ ಮನೆಗೆ ಹೋಗುವುದಿಲ್ಲ, ಅಲ್ಲೇ ನಿಂತು ವಾದಿಸುತ್ತಾರೆ.

ನಾನೂ ಒಂದು ತೆಂಗಿನಕಾಯಿ ಕುಸ್ತಿ ಆಡಿದ್ದೇನೆ. ಹುಮನಾಬಾದಿಗೆ ವೀರಭದ್ರೇಶ್ವರ ಜಾತ್ರೆಗೆ ಎತ್ತಿನ ಗಾಡಿಯಲ್ಲಿ ಹೋಗಿದ್ದೆವು. ಜನವರಿಯ ಚಳಿ, ಅಂಗಿ ಬಿಚ್ಚಿದರೆ ಹಲ್ಲು ಕಟಕಟ. ನನ್ನ ಜೋಡಿ ಹುಡುಗ ಯಾರು, ಯಾವ ಊರವನು, ತಿಳಿಯದು. ಅವನ ಮೈಯ ಎಣ್ಣೆಯ ವಾಸನೆ ಮಾತ್ರ ಇಂದಿಗೂ ಗೊತ್ತು, ಕುಸುಬಿ ಎಣ್ಣೆ. ಅವನು ನನ್ನನ್ನು ಎರಡೇ ನಿಮಿಷದಲ್ಲಿ ಚಿತ್ ಮಾಡಿದ. ಕೆಳಗೆ ಬಿದ್ದಾಗ ಆಕಾಶದಲ್ಲಿ ಹಕ್ಕಿಸಾಲು ಹೋಗುತ್ತಿದ್ದದ್ದು ಕಂಡೆ. ಅಪ್ಪ ನನ್ನ ಬೆನ್ನಿನ ಮಣ್ಣನ್ನು ಜಾತ್ರೆ ಮುಗಿಯುವ ತನಕ ಒರೆಸಲಿಲ್ಲ. "ಇರ್ಲಿ, ಆಡಿದ ಗುರುತು ಅದ" ಎಂದರು.

ಮುತ್ಯಾನ ದೊಡ್ಡ ಕುಸ್ತಿಯ ಬಗ್ಗೆ ನನಗೆ ಎರಡು ಕಥೆ ಸಿಕ್ಕಿವೆ. ಅವರು ಹೇಳುವುದು: ಉದಗೀರ ಕಡೆಯ ಪೈಲವಾನನನ್ನು ಎತ್ತಿ ಒಗೆದೆ, ಎರಡೂ ಭುಜ ಮಣ್ಣಿಗೆ ಹತ್ತಿದವು, ಪಂಚರು ಕೈ ಎತ್ತಿದರು. ಅದೇ ಕುಸ್ತಿ ನೋಡಿದ ಇನ್ನೊಬ್ಬ ಹಿರಿಯರು ಪಕ್ಕದ ಹಳ್ಳಿಯಲ್ಲಿದ್ದಾರೆ. ಅವರ ಪ್ರಕಾರ ಒಂದೇ ಭುಜ ಹತ್ತಿತ್ತು, ಕತ್ತಲಾಗಿತ್ತು, ಪೆಟ್ರೋಮ್ಯಾಕ್ಸ್ ದೂರ ಇತ್ತು, ಪಂಚರಿಗೆ ಕಾಣಲಿಲ್ಲ. ಇಬ್ಬರೂ ಐವತ್ತು ವರ್ಷದಿಂದ ಗೆಳೆಯರು. ಐವತ್ತು ವರ್ಷದಿಂದ ಈ ಒಂದು ಭುಜ ಇತ್ಯರ್ಥವಾಗಿಲ್ಲ.

ಇದನ್ನು ನಾನು ಬರೆದಿಟ್ಟುಕೊಂಡಾಗ ಬೇಸ್‌ಬಾಲಿನ ದೊಡ್ಡ ಹೊಡೆತಗಾರ ಬೇಬ್ ರೂತ್ ನೆನಪಾದ. 1932ರ ಅಕ್ಟೋಬರ್ 1, ಶಿಕಾಗೋದ ರಿಗ್ಲಿ ಮೈದಾನ, ಆ ಆಟದ ದೊಡ್ಡ ಸರಣಿಯ ಮೂರನೇ ಪಂದ್ಯ. ಎದುರಾಳಿಗಳು ಹೀಯಾಳಿಸುತ್ತಿದ್ದರು. ರೂತ್ ಕೈ ಎತ್ತಿ ಬೆರಳು ತೋರಿದ. ಮುಂದಿನ ಎಸೆತವನ್ನು ಮೈದಾನದ ಆಚೆಗೆ ಹೊಡೆದ. ಹೊಡೆಯುವ ಜಾಗವನ್ನೇ ಮೊದಲು ತೋರಿಸಿದನೇ, ಅಥವಾ ಹೀಯಾಳಿಸುವವರ ಕಡೆ ಬೆರಳು ಮಾಡಿದನೇ? ಚೆಂಡು ಎಸೆದ ಚಾರ್ಲಿ ರೂಟ್ ಸಾಯುವ ತನಕ, ಅವನು ಜಾಗ ತೋರಿಸಲಿಲ್ಲ ಎಂದೇ ಹೇಳಿದ. ಪ್ರೇಕ್ಷಕನೊಬ್ಬ ತೆಗೆದ ಸಣ್ಣ ಫಿಲ್ಮು ಅರುವತ್ತು ವರ್ಷದ ಬಳಿಕ ಬೆಳಕಿಗೆ ಬಂತು. ಅದರಲ್ಲಿ ಕೈ ಎತ್ತಿದ್ದು ಕಾಣುತ್ತದೆ, ಎಲ್ಲಿಗೆ ಎಂಬುದು ಕಾಣುವುದಿಲ್ಲ. ನೆನಪು ಸುಳ್ಳು ಹೇಳುತ್ತದೆ ಎಂದು ಕೆಲವರು ಇಂಥದ್ದನ್ನು ತೋರಿಸಿ ನಗುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಎರಡೂ ಮಾತನ್ನು ಅಕ್ಕಪಕ್ಕ ಬರೆದಿಟ್ಟರೆ ಆ ಸಂಜೆಯ ಕತ್ತಲು, ಪೆಟ್ರೋಮ್ಯಾಕ್ಸಿನ ದೂರ, ಎರಡು ಊರಿನ ಮಾನ ಎಲ್ಲ ಸಿಗುತ್ತದೆ. ಒಂದೇ ಮಾತು ಬರೆದಿದ್ದರೆ ಬರೀ ಫಲಿತಾಂಶ ಸಿಗುತ್ತಿತ್ತು.

ನಾವು ಕೇಳದೇ ಇರುವ ಇನ್ನೊಂದು ಬಾಯಿ ಇದೆ. ಮುತ್ಯಾನ ಜೊತೆ ನಾಲ್ಕು ಸಲ ಮಾತಾಡಿದ ಮೇಲೆ, ಒಲೆಯ ಮುಂದೆ ಕುಳಿತು ರೊಟ್ಟಿ ತಟ್ಟುತ್ತಿದ್ದ ಅವರ ಮನೆಯವರು ಅಲ್ಲಿಂದಲೇ ಅಂದರು: "ಮಾಸ್ತರ್ರೇ, ಹಾಲಿಂದು ಯಾರ್ ಹೇಳ್ತಾರ?" ನಾನು ಅಡುಗೆಮನೆಯ ಬಾಗಿಲಿಗೆ ಹೋಗಿ ಕುಳಿತೆ. ಆಯಿ ಲೆಕ್ಕ ಹೇಳಿದರು. ದಿನಕ್ಕೆ ನಾಲ್ಕು ಸೇರು ಹಾಲು, ಪಾವು ಬಾದಾಮಿ ಸಿಕ್ಕರೆ ಬಾದಾಮಿ, ಇಲ್ಲದಿದ್ದರೆ ನೆನೆಸಿದ ಕಡಲೆ. ಜಾತ್ರೆ ಹತ್ತಿರ ಬಂದರೆ ಮನೆಯ ಮಕ್ಕಳಿಗೆ ಮಜ್ಜಿಗೆ, ಪೈಲವಾನನಿಗೆ ಹಾಲು. ಒಂದು ಬರದ ವರ್ಷ ಎಮ್ಮೆ ಮಾರಬೇಕಾಯಿತು. ಆ ವರ್ಷವೇ ಅವರು ಸೋತದ್ದು. ಮುತ್ಯಾ ಆ ಸೋಲಿಗೆ ನನಗೆ ಹೇಳಿದ್ದ ಕಾರಣ ಕಾಲು ಉಳುಕಿತ್ತು ಎಂದು. ಆಯಿ ಹೇಳಿದ್ದು ಎಮ್ಮೆ ಹೋಗಿತ್ತು ಎಂದು. ಹೆಣ್ಣುಮಕ್ಕಳು ಕಣದ ಹತ್ತಿರ ಬರುವಂತಿರಲಿಲ್ಲ, ಮಾಳಿಗೆ ಹತ್ತಿ ದೂರದಿಂದ ನೋಡುತ್ತಿದ್ದರು. ಹಲಗಿಯ ಬಡಿತದಲ್ಲೇ ಯಾರು ಮೇಲೆ ಯಾರು ಕೆಳಗೆ ಎಂದು ಅವರಿಗೆ ತಿಳಿಯುತ್ತಿತ್ತಂತೆ. ಕಣದ ಪಕ್ಕ ನಿಂತ ಗಂಡಸರಲ್ಲಿ ಒಬ್ಬನೂ ನನಗೆ ಹಲಗಿಯ ಬಗ್ಗೆ ಇಷ್ಟು ಹೇಳಿಲ್ಲ.

ಮುತ್ಯಾ ಗೆದ್ದ ಬೆಳ್ಳಿ ಕಡಗ ಈಗ ಅವರ ಮನೆಯಲ್ಲಿಲ್ಲ. ಮಗಳ ಮದುವೆಯಲ್ಲಿ ಕರಗಿ ಕಾಲುಂಗುರವಾಯಿತು. ಅದನ್ನು ಹೇಳುವಾಗ ಮುತ್ಯಾನ ಮುಖದಲ್ಲಿ ಬೇಸರ ಕಾಣಲಿಲ್ಲ.

ಗಡಿಯ ಆಚೆಯ ಪೈಲವಾನ ಖಾಶಾಬಾ ಜಾಧವರ ಕಥೆ ನಮ್ಮ ತಾಲೀಮುಗಳಲ್ಲಿ ಇವತ್ತಿಗೂ ಹೇಳುತ್ತಾರೆ. ಕರಾಡ ಹತ್ತಿರದ ಗೋಳೇಶ್ವರದ ರೈತನ ಮಗ. 1952ರಲ್ಲಿ ಹೆಲ್ಸಿಂಕಿ ಒಲಿಂಪಿಕ್ಸಿಗೆ ಹೋಗಲು ದುಡ್ಡಿಲ್ಲದಾಗ ಊರವರು ವರ್ಗಣಿ ಎತ್ತಿದರು. ಕೊಲ್ಹಾಪುರದ ರಾಜಾರಾಮ್ ಕಾಲೇಜಿನಲ್ಲಿ ಅವರಿಗೆ ಪ್ರಾಂಶುಪಾಲರಾಗಿದ್ದವರು ತಮ್ಮ ಮನೆಯನ್ನೇ ಒತ್ತೆ ಇಟ್ಟು 7,000 ರೂಪಾಯಿ ಕೊಟ್ಟರು. ಖಾಶಾಬಾ ಕಂಚು ತಂದರು. ಸ್ವತಂತ್ರ ಭಾರತಕ್ಕೆ ಒಬ್ಬನೇ ಆಟಗಾರ ಗೆದ್ದ ಮೊದಲ ಒಲಿಂಪಿಕ್ ಪದಕ ಅದು. ಊರಿಗೆ ಬಂದಾಗ ನೂರಕ್ಕೂ ಹೆಚ್ಚು ಎತ್ತಿನ ಗಾಡಿಗಳ ಮೆರವಣಿಗೆ. ಆಮೇಲೆ ಊರೂರಲ್ಲಿ ಕುಸ್ತಿ ಆಡಿ ದುಡ್ಡು ಕೂಡಿಸಿ ಒತ್ತೆ ಇಟ್ಟ ಆ ಮನೆಯನ್ನು ಬಿಡಿಸಿಕೊಟ್ಟರು. ಪೊಲೀಸ್ ಇಲಾಖೆಯಲ್ಲಿ ದುಡಿದರು, 1984ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಬಂದದ್ದು ತೀರಿಕೊಂಡ ಹದಿನಾರು ವರ್ಷದ ಮೇಲೆ. ನಮ್ಮ ಮುತ್ಯಾ ಪದಕಕ್ಕಿಂತ ಆ ಒತ್ತೆ ಬಿಡಿಸಿದ ಮಾತನ್ನೇ ಹೆಚ್ಚು ಹೊತ್ತು ಹೇಳುತ್ತಾರೆ.

ಕ್ರಿಕೆಟ್ಟಿನ ಬಗ್ಗೆ ಎರಡೇ ಮಾತು. ನಾವು ನಿಜಾಮರ ರಾಜ್ಯದಲ್ಲಿದ್ದಾಗ, 1937-38ರ ಸಾಲಿನ ರಣಜಿ ಟ್ರೋಫಿಯ ಫೈನಲ್ ಮುಂಬಯಿಯಲ್ಲಿ ನಡೆಯಿತು. ಹಿಂದಿನ ವರ್ಷ ಗೆದ್ದಿದ್ದ ನವಾನಗರದ ಎದುರು ಹೈದರಾಬಾದ್ 310 ಓಟ ಮಾಡಬೇಕಿತ್ತು. ಒಂಬತ್ತು ವಿಕೆಟ್ ಹೋದವು. ಎಡ್ಡಿ ಐಬಾರಾ ಔಟಾಗದೆ 137 ಹೊಡೆದು ಒಂದೇ ವಿಕೆಟ್ಟಿನಿಂದ ಗೆಲ್ಲಿಸಿದರು. ಆಗ ಕಲ್ಯಾಣಿ ಎನ್ನುತ್ತಿದ್ದ ನಮ್ಮ ಊರೂ ಆ ರಾಜ್ಯದ್ದೇ, ಆ ಗೆಲುವು ನಮ್ಮದೂ ಹೌದು. ಆದರೆ ಇಲ್ಲಿ ಅದನ್ನು ನೆನೆಯುವವರು ಒಬ್ಬರೂ ನನಗೆ ಸಿಗಲಿಲ್ಲ. ರೇಡಿಯೋ ಇದ್ದ ಮನೆಗಳೇ ಆಗ ಎಷ್ಟಿದ್ದವು?

ಇನ್ನೊಂದು 1983ರ ವಿಶ್ವಕಪ್, ಜೂನ್ 18. ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆಯ ಎದುರು ಭಾರತ 17 ಓಟಕ್ಕೆ 5 ವಿಕೆಟ್. ಕಪಿಲ್ ದೇವ್ ಔಟಾಗದೆ 175. ಕೊನೆಯ ತನಕ ಅವರ ಜೊತೆ ನಿಂತು ಔಟಾಗದೆ 24 ಮಾಡಿದವರು ನಮ್ಮ ಸೈಯದ್ ಕಿರ್ಮಾನಿ; ಇಬ್ಬರೂ ಮುರಿಯದ 126 ಓಟ ಕೂಡಿಸಿದರು. ಆ ಪಂದ್ಯದ ದೃಶ್ಯ ಇಂದು ಯಾರ ಬಳಿಯೂ ಇಲ್ಲ, ಕ್ಯಾಮೆರಾ ಅದನ್ನು ಹಿಡಿಯಲಿಲ್ಲ. ನಂತರ ಗೆದ್ದ ಫೈನಲ್ಲನ್ನು ನೀವು ಮೊಬೈಲಿನಲ್ಲಿ ನೂರು ಸಲ ನೋಡಬಹುದು. ಈ ಪಂದ್ಯವನ್ನು ಮಾತ್ರ ಕಂಡವರು ಹೇಳಬೇಕು, ನಾವು ಕೇಳಬೇಕು. ಲಕ್ಷಾಂತರ ಜನ ಕಾಣದೆಯೇ ಅದನ್ನು ಕಂಡಷ್ಟು ಚೆನ್ನಾಗಿ ಬಲ್ಲರು. ನಮ್ಮ ಜಾತ್ರೆಯ ಪ್ರತಿಯೊಂದು ಕುಸ್ತಿಯೂ ಹಾಗೆ ಕ್ಯಾಮೆರಾ ಇಲ್ಲದ ಪಂದ್ಯವೇ. ಅಲ್ಲಿ ಹೇಳುವವರು ಮಾತ್ರ ಲಕ್ಷಾಂತರ ಇಲ್ಲ. ನನ್ನ ಪಟ್ಟಿಯಲ್ಲಿ ಹೋದ ವರ್ಷ ಹದಿನಾಲ್ಕು ಜನ ಇದ್ದರು, ಈಗ ಒಂಬತ್ತು.

ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಹಳೆಯ ಆಟೋಟದ ರಿಜಿಸ್ಟರುಗಳು ಇದ್ದವು. ಯಾವ ವರ್ಷ ಖೋ-ಖೋ ತಂಡದಲ್ಲಿ ಯಾರಿದ್ದರು, ಉದ್ದ ಜಿಗಿತದಲ್ಲಿ ಯಾರು ಎಷ್ಟು ಹಾರಿದರು, ಎಲ್ಲ ನೀಲಿ ಶಾಯಿಯಲ್ಲಿ. ಕೊಠಡಿಗೆ ಸುಣ್ಣ ಹೊಡೆಸುವಾಗ ಅವನ್ನು ರದ್ದಿಗೆ ಹಾಕಿದರು. ನಾನು ರಜೆಯಲ್ಲಿದ್ದೆ. ತಿಳಿದು ರದ್ದಿಯ ಅಂಗಡಿಗೆ ಓಡಿದಾಗ ಒಂದೇ ಒಂದು ಹಾಳೆ ಸಿಕ್ಕಿತು, ಅದರಲ್ಲಿ ಶೇಂಗಾ ಕಟ್ಟಿದ್ದರು. ಆ ಹಾಳೆಯಲ್ಲಿ ಹೆಣ್ಣುಮಕ್ಕಳ ಖೋ-ಖೋ ತಂಡದ ಒಂಬತ್ತು ಹೆಸರುಗಳಿವೆ. ಆರು ಜನರನ್ನು ನಾನು ಪತ್ತೆ ಮಾಡಿದ್ದೇನೆ. ಒಬ್ಬರು ಈ ಸಭೆಯಲ್ಲೇ, ಮೊಮ್ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಕುಳಿತಿದ್ದಾರೆ. ತಾಯಿ, ನಿಮ್ಮ ಮನೆಗೂ ಬರುತ್ತೇನೆ.

ಹೈಸ್ಕೂಲಿನ ಹದಿನೆಂಟು ಮಕ್ಕಳು ಈ ಕೆಲಸಕ್ಕೆ ಹೆಸರು ಕೊಟ್ಟಿದ್ದೀರಿ. ಒಬ್ಬೊಬ್ಬ ಹಿರಿಯರಿಗೆ ಇಬ್ಬಿಬ್ಬರು. ರಿಟ್ಟರ್ ಹೊತ್ತುಕೊಂಡು ತಿರುಗಿದ ಭಾರದ ಯಂತ್ರ ಈಗ ನಿಮ್ಮ ಅಪ್ಪನ ಜೇಬಿನಲ್ಲಿದೆ. ಎಷ್ಟು ಗೆದ್ದಿರಿ ಎಂದು ಮೊದಲೇ ಕೇಳಬೇಡಿ, ಸೋತವರು ಸುಮ್ಮನಾಗುತ್ತಾರೆ. ಮಣ್ಣಿಗೆ ಏನೇನು ಹಾಕುತ್ತಿದ್ದಿರಿ, ಹಲಗಿ ಬಡಿಯುತ್ತಿದ್ದವರು ಯಾರು, ದಾಂಡು ಯಾವ ಮರದ್ದು, ಚಿಣ್ಣಿ ಕಣ್ಣಿಗೆ ಬಡಿದರೆ ಏನು ಮಾಡುತ್ತಿದ್ದಿರಿ, ಹೀಗೆ ಕೇಳಿ. ಉಳಿದದ್ದು ತಾನೇ ಬರುತ್ತದೆ. ಮಾತಿನ ನಡುವೆ ಅವರು ಸುಮ್ಮನಾದರೆ ನೀವೂ ಸುಮ್ಮನಿರಿ, ಗಡಿಬಿಡಿ ಮಾಡಬೇಡಿ. ಚಿಣ್ಣಿಯ ಎಣಿಕೆಯನ್ನು ಪ್ರತಿಯೊಬ್ಬರ ಬಾಯಿಂದಲೂ ಹೇಳಿಸಿ. ಒಬ್ಬರು ಝಕ್ಕು ಅಂದರೆ ಇನ್ನೊಬ್ಬರು ಬೇರೆ ಅನ್ನಬಹುದು, ಅಂದಂತೆಯೇ ಬರೆಯಿರಿ. ಅಡುಗೆಮನೆಯ ಕಡೆಯಿಂದ ದನಿ ಬಂದರೆ ಫೋನು ಎತ್ತಿಕೊಂಡು ಅಲ್ಲಿಗೇ ಹೋಗಿ ಕೂಡಿ.

ಮೊದಲ ಮನೆ ನಾಳೆ ಬೆಳಗ್ಗೆ ಏಳಕ್ಕೆ, ನಾನೂ ಬರುತ್ತೇನೆ. ಬ್ಯಾಟರಿ ತುಂಬಿಸಿಕೊಂಡು ಬನ್ನಿ. ಮುತ್ಯಾನಿಗೆ ಎಡಗಿವಿ ಕೇಳಿಸುವುದಿಲ್ಲ, ಬಲಗಡೆ ಕೂಡಬೇಕು.